ಪುರದ ಉದ್ಯಾನ: ಕಾಯಕವಾವುದು, ದಾಸೋಹವಾವುದು?

ಅಮರಕೋಶದ ವನೌಷಧಿವರ್ಗದ ಆರಂಭದಲ್ಲಿ ಅಮರಸಿಂಹನು ತೋಟಗಳಿಗಿರುವ ಹೆಸರುಗಳನ್ನು ಹೇಳುತ್ತ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿದ್ದಾನೆ. ಮನುಷ್ಯರು ಬೆಳೆಸಿದ ವನಕ್ಕೆ ಆರಾಮವೆಂದೂ ಉಪವನವೆಂದೂ ಹೆಸರು. ಅರಸನ ಅಂತಃಪುರದವರಿಗೆ ಮಾತ್ರ ಮೀಸಲಾದುದು ಪ್ರಮದವನ. ಅರಸನದೇ ಆಗಿದ್ದರೂ ಎಲ್ಲರಿಗೂ ಸಾಧಾರಣವಾಗಿರುವುದು ಉದ್ಯಾನ. ಸಾಧಾರಣವೆಂಬ ಶಬ್ದಕ್ಕೆ ಈಗಿನ ಬಳಕೆಯಲ್ಲಿ ಹಗುರವಾದ ಅರ್ಥವು ಬಂದುಬಿಟ್ಟಿದೆ. ವಿಶೇಷವೇನೂ ಇಲ್ಲದುದು ಎಂದು ಜನರು ತಿಳಿಯುತ್ತಾರೆ. ಶಬ್ದದ ಮೂಲವನ್ನು ನೋಡಿದರೆ ಎಲ್ಲರಿಗೂ ಒಂದೇ ಆಧಾರವಾಗಿರುವುದು ಎಂಬ ಗಂಭೀರವಾದ ಅರ್ಥವು ಹೊರಡುತ್ತದೆ. ಹೀಗಿರುವಲ್ಲಿ ಪುರದ ಉದ್ಯಾನವೆಂಬುದು ಕೇವಲ ಸಂಜೆಯ ವಿಹಾರದ ಸ್ಥಳವಲ್ಲ. ಬಡವ ಬಲ್ಲಿದರೆಂಬ ಭೇದವಿಲ್ಲದೆ ಒಂದೇ ನೆರಳಿನಲ್ಲಿ ಕುಳಿತುಕೊಳ್ಳಬಹುದಾದ ನೆಲ.

ಆದರೆ ಎಲ್ಲರದಾದುದು ಯಾರದೂ ಅಲ್ಲವೆಂಬಂತಾಗುವುದು ಲೋಕದ ರೂಢಿ. ಹಿರಿಯರು ನೆಟ್ಟ ಮರಗಳ ಬುಡದಲ್ಲಿ ಕಸ ರಾಶಿಯಾಗುತ್ತದೆ. ಬಾವಿಯಲ್ಲಿ ಹೂಳು ತುಂಬುತ್ತದೆ. ಕಾರಂಜಿಯ ತೊಟ್ಟಿಯಲ್ಲಿ ನೀರಿಗೆ ಬದಲಾಗಿ ಪ್ಲಾಸ್ಟಿಕ್ ಚೀಲಗಳು ಕಾಣಿಸುತ್ತವೆ. ಇದನ್ನು ನೋಡಿ ಮನನೊಂದ ಗೃಹಸ್ಥರು ನಾಲ್ಕಾರು ಮಂದಿ ಕೂಡಿಕೊಂಡು, ರವಿವಾರದ ಮುಂಜಾನೆ ಗುದ್ದಲಿ ಬುಟ್ಟಿಗಳನ್ನು ಹಿಡಿದು ಊರಿನ ಹಳೆಯ ಉದ್ಯಾನವನ್ನು ಮತ್ತೆ ಊರ್ಜಿತಗೊಳಿಸಲು ಹೊರಡುವುದುಂಟು. ಇದು ಸಂತೋಷದ ವಿಷಯ. ಅಂತಹವರು ತಮ್ಮ ಕೆಲಸವನ್ನು ಕಾಯಕವೆಂದು ಕರೆದುಕೊಳ್ಳುತ್ತಾರೆ. ಈ ಒಂದು ಮಾತನ್ನು ಮಾತ್ರ ಸ್ವಲ್ಪ ವಿಚಾರಿಸಿ ನೋಡಬೇಕು.

ಶರಣರ ಸಿದ್ಧಾಂತದಲ್ಲಿ ಕಾಯಕವೆಂದರೆ ಬಿಡುವಿನ ವೇಳೆಯ ಸತ್ಕಾರ್ಯವಲ್ಲ. ಅದು ಜೀವನೋಪಾಯ. ಮಡಿವಾಳ ಮಾಚಯ್ಯನಿಗೆ ಬಟ್ಟೆಯನ್ನು ಶುಚಿಮಾಡುವುದು, ನುಲಿಯ ಚಂದಯ್ಯನಿಗೆ ಹಗ್ಗ ಹೊಸೆಯುವುದು, ಅಂಬಿಗರ ಚೌಡಯ್ಯನಿಗೆ ದೋಣಿ ನಡೆಸುವುದು ಕಾಯಕವಾಗಿತ್ತು. ಆ ದುಡಿಮೆಯು ಸತ್ಯಶುದ್ಧವಾಗಿರಬೇಕು, ಅದರಿಂದ ಬಂದುದು ತನ್ನ ಹೊಟ್ಟೆಯನ್ನು ತುಂಬಿ ಜಂಗಮಕ್ಕೂ ಸಲ್ಲಬೇಕು. ಸಲ್ಲಿಸುವ ಕ್ರಮವೇ ದಾಸೋಹ. ಈ ದೃಷ್ಟಿಯಿಂದ ನೋಡಿದರೆ ಉದ್ಯಾನದಲ್ಲಿ ಕಾಯಕವನ್ನು ಮಾಡುವವನು ರವಿವಾರ ಬಂದುಹೋಗುವ ಸ್ವಯಂಸೇವಕನಲ್ಲ, ಮಳೆಯೆನ್ನದೆ ಬಿಸಿಲೆನ್ನದೆ ದಿನವೂ ಬರುವ ಮಾಲಿ; ಬೆಳಗಾಗುವ ಮೊದಲೇ ಬೀದಿಯನ್ನು ಗುಡಿಸುವ ಪೌರಕಾರ್ಮಿಕ. ಸ್ವಯಂಸೇವಕನು ಮಾಡುವುದು ತನುವಿನ ದಾಸೋಹ. ಶಬ್ದಗಳನ್ನು ಹೀಗೆ ಬೇರ್ಪಡಿಸುವುದು ಪಾಂಡಿತ್ಯಪ್ರದರ್ಶನವೆಂದು ಯಾರೂ ತಿಳಿಯಬಾರದು. ಎರಡನ್ನೂ ಒಂದೇ ಮಾಡಿದರೆ ಎರಡು ಹಾನಿಗಳುಂಟು. ಮೊದಲನೆಯದು, ದಿನಗೂಲಿಯ ಮಾಲಿಯು ಮರೆಯಾಗಿ ಒಂದು ದಿನದ ಅತಿಥಿಯು ಮುಂದಾಗುತ್ತಾನೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು: ಆರು ದಿನ ಅಂಗಡಿಯಲ್ಲಿ ತೂಕದಲ್ಲಿ ಮೋಸಮಾಡಿದವನು ಏಳನೆಯ ದಿನ ಕಳೆ ಕಿತ್ತು, ತನ್ನ ಕಾಯಕ ಶುದ್ಧವಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾನೆ. ಅಂಗಡಿಯ ತಕ್ಕಡಿಯು ನೆಟ್ಟಗಿದ್ದವನಿಗೆ ಮಾತ್ರ ತೋಟದ ಗುದ್ದಲಿಯು ದಾಸೋಹವಾಗುತ್ತದೆ.

ಇನ್ನು ತೋಟಕ್ಕೆ ಬರಬಹುದು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುದೇವರು ಗೊಗ್ಗಯ್ಯನೆಂಬ ತೋಟಿಗನನ್ನು ಸಂಧಿಸುವ ಪ್ರಸಂಗವಿದೆ. ಗೊಗ್ಗಯ್ಯನು ಸೋಮಾರಿಯಲ್ಲ, ದುಷ್ಟನೂ ಅಲ್ಲ. ಶ್ರದ್ಧೆಯಿಂದ ನೆಲವನ್ನಗೆದು ನೀರೆರೆಯುತ್ತಿದ್ದ ಶಿವಭಕ್ತ. ಪ್ರಭುದೇವರು ಅವನ ಗುದ್ದಲಿಯನ್ನು ಕಸಿದುಕೊಳ್ಳಲಿಲ್ಲ. ಹೊರಗೆ ನಡೆಯುತ್ತಿರುವ ಆ ಕೃಷಿಯನ್ನೇ ಒಳಗೆ ತಿರುಗಿಸಿ ತೋರಿಸಿದರು: ಶರೀರವೇ ಕ್ಷೇತ್ರ, ಮನಸ್ಸೇ ಸಾಧನ, ಕಿತ್ತೊಗೆಯಬೇಕಾದುದು ಅಜ್ಞಾನದ ಬೇರು. ಈ ಪ್ರಸಂಗವನ್ನು ವ್ಯಾಖ್ಯಾನಿಸುವವರು ಬಹುಮಟ್ಟಿಗೆ ಒಳಗಿನ ತೋಟವನ್ನೇ ವರ್ಣಿಸಿ, ಹೊರಗಿನ ತೋಟವನ್ನು ಕೇವಲ ದೃಷ್ಟಾಂತವೆಂದು ಬಿಟ್ಟುಬಿಡುತ್ತಾರೆ. ಆದರೆ ನಿಜವಾಗಿ ನೆಲವನ್ನು ಅಗೆದವನಿಗೆ ಮಾತ್ರ ಆ ದೃಷ್ಟಾಂತದ ಬಲವು ತಿಳಿಯುತ್ತದೆ. ಬೇರು ಎಷ್ಟು ಆಳಕ್ಕೆ ಹೋಗಿರುತ್ತದೆಂಬುದು ಪುಸ್ತಕದಿಂದ ತಿಳಿಯುವುದಲ್ಲ.

ಲಂಟಾನದ ಪೊದೆಯನ್ನು ತೆಗೆದುಕೊಳ್ಳಬಹುದು. ಪಾಳುಬಿದ್ದ ತೋಟವನ್ನು ಮೊದಲು ನುಂಗುವುದು ಇದೇ. ಇದು ಈ ದೇಶದ ಗಿಡವಲ್ಲ. ಬಣ್ಣಬಣ್ಣದ ಹೂವಿನ ಚೆಲುವಿಗೆ ಮರುಳಾಗಿ ಪರದೇಶದವರು 1809ರ ವೇಳೆಗೆ ಕಲಕತ್ತೆಯ ಸಸ್ಯೋದ್ಯಾನಕ್ಕೆ ಇದನ್ನು ತಂದರು. ಅಲಂಕಾರಕ್ಕೆಂದು ಬಂದುದು ಕಾಡುಗಳನ್ನೇ ಆಕ್ರಮಿಸಿತು. ಇದನ್ನು ನೆಲದ ಮಟ್ಟಕ್ಕೆ ಕತ್ತರಿಸಿ ತೋಟ ಸ್ವಚ್ಛವಾಯಿತೆಂದು ಮನೆಗೆ ಹೋದವರು, ಮಳೆ ಬಿದ್ದ ಮೇಲೆ ಬಂದು ನೋಡಿದರೆ ಒಂದು ಕೊಂಬೆ ಇದ್ದಲ್ಲಿ ಹತ್ತು ಚಿಗುರು ಕಾಣುತ್ತವೆ. ಬುಡದ ಮಣ್ಣನ್ನು ಸರಿಸಿ, ತಾಯಿಬೇರನ್ನು ನೆಲದೊಳಗೆ ಎರಡು ಮೂರು ಬೆರಳು ಕೆಳಗೆ ಕಡಿದು, ಬುಡ ಮತ್ತೆ ನೆಲಕ್ಕೆ ತಾಗದಂತೆ ತಲೆಕೆಳಗಾಗಿ ಇಟ್ಟರೆ ಮಾತ್ರ ಅದು ಒಣಗುತ್ತದೆ. ಮೇಲಿನ ಸೊಪ್ಪನ್ನು ಸವರುವುದು ಹತ್ತು ನಿಮಿಷದ ಕೆಲಸ, ನೋಡುವವರಿಗೂ ಚೆನ್ನಾಗಿ ಕಾಣುತ್ತದೆ. ಬೇರಿನ ಕೆಲಸಕ್ಕೆ ಬೆನ್ನು ಬಗ್ಗಬೇಕು, ನೋಡುವವರಿಗೆ ಏನೂ ಕಾಣುವುದಿಲ್ಲ. ಕೋಪವನ್ನು ನಾಲಗೆಯ ಮಟ್ಟಕ್ಕೆ ಕತ್ತರಿಸಿಕೊಂಡು ಶಾಂತರಾದೆವೆಂದು ತಿಳಿಯುವವರ ಸ್ಥಿತಿಯೂ ಇದೇ.

ಉತ್ತರ ಕರ್ನಾಟಕದಲ್ಲಿ ಕಾಂಗ್ರೆಸ್ ಕಸವೆಂದು ಹೆಸರಾಗಿರುವ ಪಾರ್ಥೇನಿಯಮ್ ಇನ್ನೊಂದು ಬಗೆಯದು. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಗಿಡವು ಈಗ ಕಾಣದ ಬಯಲಿಲ್ಲ. ಇದರ ಬೇರು ಆಳವಾದುದಲ್ಲ. ಮಣ್ಣು ಹಸಿಯಾಗಿರುವಾಗ ಸುಲಭವಾಗಿ ಕಿತ್ತು ಬರುತ್ತದೆ. ಇದರ ಬಲವೆಲ್ಲವೂ ಬೀಜದಲ್ಲಿದೆ. ಒಂದೇ ಗಿಡ ಸಾವಿರಾರು ಬೀಜಗಳನ್ನು ಚೆಲ್ಲುತ್ತದೆ. ಹೂಬಿಡುವ ಮೊದಲೇ ಕೀಳದೆ, ಬಿಳಿಯ ಹೂ ತುಂಬಿದ ಮೇಲೆ ಕಿತ್ತು ಹೊತ್ತೊಯ್ದರೆ ದಾರಿಯುದ್ದಕ್ಕೂ ಬಿತ್ತನೆ ಮಾಡಿದಂತಾಗುತ್ತದೆ. ಬರಿಗೈಯಿಂದ ಮುಟ್ಟಿದವರಿಗೆ ತುರಿಕೆಯೂ ಕೆಲವರಿಗೆ ಉಬ್ಬಸವೂ ಬರುತ್ತದೆಯಾದ್ದರಿಂದ ಕೈಚೀಲವಿಲ್ಲದೆ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಾರದು. ಹೀಗೆ ಒಂದು ಕಳೆಗೆ ಆಳವೇ ಉಪಾಯ, ಮತ್ತೊಂದಕ್ಕೆ ಕಾಲವೇ ಉಪಾಯ. ಗುರುವಾದವನು ಶಿಷ್ಯರೆಲ್ಲರಿಗೂ ಒಂದೇ ಬೋಧೆಯನ್ನು ಹೇಳದಿರುವುದು ಇದಕ್ಕಾಗಿಯೇ.

ಬೆಳಗಾವಿಯ ಜನರಿಗೆ ಸ್ವಯಂಸೇವೆಯ ಪಾಠವನ್ನು ಹೊರಗಿನಿಂದ ತರಬೇಕಾದುದಿಲ್ಲ. 1924ನೆಯ ಇಸವಿ ಡಿಸೆಂಬರ್ 26 ಮತ್ತು 27ರಂದು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನವು ಈ ಊರಿನಲ್ಲಿಯೇ ನಡೆಯಿತು. ಗಾಂಧಿಯವರು ಅಧ್ಯಕ್ಷರಾದ ಅಧಿವೇಶನವು ಇದೊಂದೇ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ಶಿಬಿರವೇ ಎದ್ದು ನಿಂತಿತು. ಬಂದ ಜನರಿಗೆ ನೀರು ಬೇಕಾಗಿ ಅಲ್ಲಿ ಬಾವಿಯನ್ನು ತೋಡಿಸಿ ಅದಕ್ಕೆ ಪಂಪಾ ಸರೋವರವೆಂದು ಹೆಸರಿಟ್ಟರು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಹಿಂದುಸ್ತಾನೀ ಸೇವಾದಳದ ತರುಣರು ಡಾ. ಹರ್ಡೀಕರರ ಶಿಸ್ತಿನಲ್ಲಿ ದುಡಿದರು. ಶಿಬಿರದ ಕಸ ತೆಗೆಯುವ, ಶೌಚಕೂಪಗಳನ್ನು ಶುಚಿಮಾಡುವ ಕೆಲಸವನ್ನು ಮೇಲು ಕುಲದವರೆನಿಸಿಕೊಂಡವರೂ ಸ್ವಂತ ಕೈಯಿಂದ ಮಾಡಿದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಕಲ್ಯಾಣದಲ್ಲಿ ಕಸ ಗುಡಿಸುವ ಸತ್ಯಕ್ಕನು ಅನುಭಾವಿಗಳ ಸಾಲಿನಲ್ಲಿ ಕುಳಿತು ಆಗಲೇ ಏಳುನೂರು ವರ್ಷಗಳು ಕಳೆದಿದ್ದುವು ಎಂಬುದನ್ನು ನೆನೆದರೆ, ಶರಣರ ಮಾತನ್ನು ನಡೆಗೆ ತರಲು ಈ ನಾಡು ಎಷ್ಟು ತಡಮಾಡಿತೆಂದು ನಾಚಿಕೆಯೂ ಆಗುತ್ತದೆ.

ಆ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಉಳಿದಿದೆ. ಬಳಿಯಲ್ಲಿ ವೀರಸೌಧವೆಂಬ ಸ್ಮಾರಕವೂ ಇದೆ. ನಡುವೆ ಒಂದು ಕಾಲವಿತ್ತು: ನಲ್ಲಿಯ ನೀರು ಮನೆಮನೆಗೆ ಬಂದ ಮೇಲೆ ಊರಿನ ಹಳೆಯ ಬಾವಿಗಳನ್ನು ಕೇಳುವವರಿಲ್ಲದೆ ಅವು ಕಸದ ಕುಣಿಗಳಾದುವು. 1990ರ ದಶಕದಲ್ಲಿ ನೀರಿನ ಅಭಾವವು ತಲೆದೋರಿದಾಗ ಹಲವು ಬಾವಿಗಳ ಹೂಳನ್ನು ತೆಗೆಸಿ ನೀರನ್ನು ಮರಳಿ ಬಳಕೆಗೆ ತಂದರು. ಹೂಳಿನ ಕೆಳಗೆ ಸೆಲೆಯು ಬತ್ತಿರಲಿಲ್ಲ. ಇದನ್ನು ಕಂಡವರಿಗೆ ಜೀವಾತ್ಮನ ಮಲತ್ರಯಗಳ ವಿಷಯವನ್ನು ವಿವರಿಸಲು ಶಾಸ್ತ್ರಿಗಳು ಹೆಚ್ಚು ಶ್ರಮಪಡಬೇಕಾಗುವುದಿಲ್ಲ.

ಇಷ್ಟಾದರೂ ಒಂದು ಸಂಶಯವು ಸದ್ಭಕ್ತರ ಮನಸ್ಸಿನಲ್ಲಿ ಏಳಬಹುದು. ಕೆರೆ ಬಾವಿ ತೋಟಗಳಂತಹ ಹೊರಗಿನ ಕಾರ್ಯಗಳಿಂದ ಲಿಂಗಾಂಗಸಾಮರಸ್ಯವಾಗುವುದುಂಟೆ? ಪ್ರಭುದೇವರೇ ಸೊನ್ನಲಿಗೆಯಲ್ಲಿ ಸಿದ್ಧರಾಮನನ್ನು ಖಂಡಿಸಲಿಲ್ಲವೆ? ಈ ಸಂಶಯವು ಯೋಗ್ಯವಾದುದೇ, ಇದನ್ನು ತಳ್ಳಿಹಾಕಬಾರದು.

ಸೊನ್ನಲಿಗೆಯು ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. ಅಲ್ಲಿ ಸಿದ್ಧರಾಮನು ಅನೇಕ ಭಕ್ತರನ್ನು ಕೂಡಿಸಿಕೊಂಡು ಕೆರೆಯನ್ನು ಅಗೆಯಿಸುತ್ತಿದ್ದನು. ಅಲ್ಲಿಗೆ ಬಂದ ಪ್ರಭುದೇವರು ಅವನನ್ನು ಒಡ್ಡನೆಂದು ಕರೆದು ಕೇಳಿದರು. ಕೋಪಗೊಂಡ ಕೆಲಸಗಾರರು ಕಲ್ಲುಗಳನ್ನು ತೂರಿದರು. ಸಿದ್ಧರಾಮನೂ ಉಗ್ರನಾಗಿ ಬಂದನು. ಈ ಕಥೆಯನ್ನು ಓದುವವರು ಮೊದಲು ಗಮನಿಸಬೇಕಾದುದು, ಕೆಲಸವನ್ನು ನಿಲ್ಲಿಸಿ ಎಂದು ಪ್ರಭುದೇವರು ಹೇಳಿದರೆಂಬುದನ್ನಲ್ಲ, ಒಂದು ಬಿರುಮಾತಿಗೆ ಅಷ್ಟು ಕೋಪವು ಎಲ್ಲಿಂದ ಬಂದಿತೆಂಬುದನ್ನು. ಕೆರೆಯು ಕೇವಲ ಜನರಿಗಾಗಿ, ಶಿವನಿಗಾಗಿ ಆಗಿದ್ದರೆ ಕಟ್ಟಿಸುವವನನ್ನು ಹೀಗಳೆದಾಗ ಕೆರೆಗೇನು ನಷ್ಟ? ನೋವಾದುದು ಕೆರೆಗಲ್ಲ, ಕೆರೆಯ ದಡದಲ್ಲಿ ನಿಂತಿದ್ದ ನನ್ನದೆಂಬ ಭಾವಕ್ಕೆ. ಪ್ರಭುದೇವರ ಮಾತಿನ ಗುದ್ದಲಿಯು ಸರಿಯಾಗಿ ಆ ಬೇರಿನ ಮೇಲೆಯೇ ಬಿದ್ದಿತು. ಬಳಿಕ ಸಿದ್ಧರಾಮನು ಕಲ್ಯಾಣಕ್ಕೆ ಬಂದನು, ಚನ್ನಬಸವಣ್ಣನಿಂದ ಇಷ್ಟಲಿಂಗದ ದೀಕ್ಷೆಯನ್ನು ಪಡೆದನು, ಶೂನ್ಯಸಿಂಹಾಸನವನ್ನೂ ಏರಿದನು. ಆದರೆ ಕೆರೆಯನ್ನು ಯಾರೂ ಮುಚ್ಚಲಿಲ್ಲ. ಅದು ಇಂದಿಗೂ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದುಕೊಂಡಿದೆ. ಮಕರಸಂಕ್ರಾಂತಿಗೆ ಅಲ್ಲಿ ನಡೆಯುವ ಜಾತ್ರೆಗೆ ಕನ್ನಡಿಗರೂ ಮರಾಠಿಗರೂ ಕೂಡಿ ಬರುತ್ತಾರೆ. ಕರ್ತೃತ್ವದ ಅಭಿಮಾನ ಹೋಯಿತು, ಕರ್ಮವು ಉಳಿಯಿತು.

ಉದ್ಯಾನದ ಸ್ವಯಂಸೇವಕರಿಗೆ ಈ ಪರೀಕ್ಷೆಯು ಬೇಗನೆ ಬರುತ್ತದೆ. ಮೂರು ತಿಂಗಳು ಬೆವರು ಸುರಿಸಿದ ಮೇಲೆ ನಗರಪಾಲಿಕೆಯವರೊಬ್ಬರು ಬಂದು, ಇಲ್ಲಿ ಯಾರು ಅಗೆಯಹೇಳಿದರು ಎಂದು ಕೇಳಬಹುದು. ಅಥವಾ ನೆಟ್ಟ ಗಿಡವನ್ನು ದನವು ತಿಂದುಹೋಗಬಹುದು. ಅಥವಾ ಕೆಲಸಕ್ಕೆ ಬಾರದೆ ಇದ್ದವರ ಭಾವಚಿತ್ರವು ಪತ್ರಿಕೆಯಲ್ಲಿ ಅಚ್ಚಾಗಬಹುದು. ಆಗ ಒಳಗೆ ಏಳುವ ಉರಿಯು ಯಾವ ಬಗೆಯದೆಂದು ಒಂದು ಕ್ಷಣ ನೋಡಿಕೊಂಡವನಿಗೆ ಸೊನ್ನಲಿಗೆಯ ಕಥೆಯು ಅರ್ಥವಾಗುತ್ತದೆ. ಪಾಲಿಕೆಯ ಅಪ್ಪಣೆಯನ್ನು ಮೊದಲೇ ಪಡೆದುಕೊಂಡಿದ್ದರೆ ಒಂದು ಕಲಹವಾದರೂ ತಪ್ಪುತ್ತದೆ ಎಂಬುದು ಬೇರೆ ಮಾತು.

ಹೆಸರಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಇಂದಿನ ಉದ್ಯಾನಗಳಲ್ಲಿ ಕಲ್ಲುಬೆಂಚುಗಳ ಮೇಲೆ ದಾನಿಗಳ ಹೆಸರನ್ನು, ಅವರ ತಂದೆತಾಯಿಗಳ ಹೆಸರನ್ನು ಕೆತ್ತಿಸುವ ಪದ್ಧತಿಯು ಬೆಳೆದಿದೆ. ತೀರಿಹೋದ ತಾಯಿಯ ಸ್ಮರಣೆಗಾಗಿ ಮಗನೊಬ್ಬನು ಬೆಂಚನ್ನು ಮಾಡಿಸಿದರೆ ಅದನ್ನು ಹಳಿಯಲಾಗದು. ಆದರೂ ವಚನಗಳನ್ನು ನಿತ್ಯವೂ ಓದುವ ಮನೆತನದವರು ಒಂದು ಸಂಗತಿಯನ್ನು ಯೋಚಿಸಬೇಕು. ಶರಣರು ಸಾವಿರಾರು ವಚನಗಳನ್ನು ರಚಿಸಿದರು. ಪ್ರತಿಯೊಂದರ ಕೊನೆಯಲ್ಲಿಯೂ ಅಂಕಿತವಿದೆ. ಆ ಅಂಕಿತವು ಬಹುಮಟ್ಟಿಗೆ ಬರೆದವರ ಹೆಸರಲ್ಲ, ಆರಾಧ್ಯದೈವದ ಹೆಸರು. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವನ ಮುದ್ರೆ, ಸಿದ್ಧರಾಮನ ವಚನಕ್ಕೆ ಕಪಿಲಸಿದ್ಧಮಲ್ಲಿಕಾರ್ಜುನನ ಮುದ್ರೆ. ತಮ್ಮ ಸಮಸ್ತ ಸೃಷ್ಟಿಯ ಮೇಲೆ ಒಡೆಯನ ಹೆಸರನ್ನು ಹಾಕಿದವರ ಅನುಯಾಯಿಗಳು ಒಂದು ಬೆಂಚಿನ ಮೇಲೆ ತಮ್ಮ ಹೆಸರು ಬೇಕೆಂದು ಹಟ ಹಿಡಿಯುವುದು ಶೋಭಿಸುವುದಿಲ್ಲ.

ಧನದ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನೇ ಗುರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಹೆಚ್ಚಾದುದು ಆಸೆಯ ಗುರುತೆಂದು ಆಕೆಗೆ ತಿಳಿದಿತ್ತು. ಉದ್ಯಾನದ ಸಮಿತಿಗಳಿಗೂ ಇದೇ ಅಪಾಯ. ನಾಲ್ಕು ಗುದ್ದಲಿ, ಹತ್ತು ಬುಟ್ಟಿ, ಒಂದು ನೀರಿನ ಕೊಳವೆ ಇದ್ದರೆ ಸಾಗುವ ಕೆಲಸಕ್ಕೆ ಪಾವತಿಪುಸ್ತಕಗಳು ಅಚ್ಚಾಗುತ್ತವೆ. ಹಣವು ಕೂಡಿದ ಮೇಲೆ ಅದನ್ನು ಖರ್ಚುಮಾಡಲು ಕೆಲಸವನ್ನು ಹುಡುಕುತ್ತಾರೆ. ಆಗ ಬೇಕಿಲ್ಲದ ಕಮಾನು, ಬೇಕಿಲ್ಲದ ಸಿಮೆಂಟಿನ ಜಿಂಕೆ, ಬೇಕಿಲ್ಲದ ಬಣ್ಣದ ದೀಪಗಳು ಬರುತ್ತವೆ. ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಎಂಬ ಕ್ರಮದಲ್ಲಿ ಧನವು ಕೊನೆಯದು. ತನುವನ್ನು ಸವೆಸದೆ ಧನದಿಂದಲೇ ಆರಂಭಿಸಿದ ಸೇವೆಯು ತೋಟವನ್ನು ಕೆಡಿಸಿದ ಉದಾಹರಣೆಗಳು ಕಡಿಮೆಯಿಲ್ಲ.

ಹಳೆಯ ಉದ್ಯಾನವನ್ನು ಉದ್ಧರಿಸುವುದೂ ಹೊಸ ಉದ್ಯಾನವನ್ನು ಮಾಡುವುದೂ ಒಂದೇ ಅಲ್ಲ. ರಾಮತೀರ್ಥ ನಗರದಂತಹ ಹೊಸ ಬಡಾವಣೆಗಳಲ್ಲಿ ನಿವೇಶನಗಳ ನಡುವೆ ತೋಟಕ್ಕೆಂದು ಬಿಟ್ಟ ಜಾಗದಲ್ಲಿ ಜನರು ತಮಗೆ ಬೇಕಾದುದನ್ನು ಬೆಳೆಸಿಕೊಳ್ಳಬಹುದು. ಹಳೆಯದರಲ್ಲಿ ಹಾಗಲ್ಲ. ಅಲ್ಲಿ ಮೊದಲು ಕೆಲವು ದಿನ ಸುಮ್ಮನೆ ನಡೆದಾಡಿ, ಯಾವುದು ಹಿರಿಯರು ನೆಟ್ಟ ಮರ, ಯಾವುದು ತಾನಾಗಿ ಬೆಳೆದುದು, ಮಳೆಯ ನೀರು ಯಾವ ಕಡೆಯಿಂದ ಹರಿದು ಬಾವಿಗೆ ಇಳಿಯುತ್ತಿತ್ತು ಎಂಬುದನ್ನು ತಿಳಿಯಬೇಕು. ಉತ್ಸಾಹವು ಹೆಚ್ಚಾಗಿ ವಿವೇಕವು ಕಡಿಮೆಯಾದಾಗ ಕಳೆಯೊಂದಿಗೆ ಬೆಲೆಯುಳ್ಳ ಗಿಡವೂ ಹೋಗುತ್ತದೆ. ಗಚ್ಚಿನಿಂದ ಕಟ್ಟಿದ ಹಳೆಯ ಬಾವಿಯ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಕಲ್ಲುಗಳೇ ಸಡಿಲಾಗುತ್ತವೆ. ಸುಣ್ಣದ ಗಚ್ಚಿಗೆ ಸುಣ್ಣದ ಗಚ್ಚೇ ಬೇಕು. ಮರದ ಬುಡಕ್ಕೆ ಸುತ್ತಲೂ ಫರಸಿಯನ್ನು ಹಾಸಿ ಕಟ್ಟೆ ಕಟ್ಟುವುದು ನೋಡಲು ಅಚ್ಚುಕಟ್ಟು, ಮರಕ್ಕೆ ಮಾತ್ರ ಅದು ಕೊರಳಿಗೆ ಬಿಗಿದ ಹಗ್ಗ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಜಾಗದಲ್ಲಿದ್ದ ಕಾಂಕ್ರೀಟನ್ನು ಒಡೆದು ತೆಗೆಯುವಂತೆ ಆಜ್ಞೆ ಮಾಡಬೇಕಾಯಿತು. ಬೇರಿಗೂ ಉಸಿರಾಟವುಂಟೆಂದು ನ್ಯಾಯಪೀಠವು ಹೇಳುವವರೆಗೆ ಮನುಷ್ಯರಿಗೆ ತೋಚಲಿಲ್ಲ.

ಒಣಗಿದ ಎಲೆಗಳನ್ನು ಸುಡುವುದೂ ಇಂತಹ ಒಂದು ಅವಿವೇಕ. ಖಾನಾಪುರದ ಕಡೆಗೆ ಹೋಗಿ, ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟುವ ಸ್ಥಳದ ಸುತ್ತಣ ಕಾಡನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಅಲ್ಲಿ ಎಲೆ ಗುಡಿಸುವವರಿಲ್ಲ, ಗೊಬ್ಬರ ಹಾಕುವವರೂ ಇಲ್ಲ. ಬಿದ್ದ ಎಲೆಯೇ ಕೊಳೆತು ಮಣ್ಣಾಗಿ, ಆ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟು ಹೊಳೆಗೆ ಮೆಲ್ಲಮೆಲ್ಲನೆ ಬಿಡುತ್ತದೆ. ಮರವು ತಾನು ಪಡೆದುದನ್ನು ಪಡೆದ ನೆಲಕ್ಕೇ ಮರಳಿಸುವ ಈ ಕ್ರಮವನ್ನು ದಾಸೋಹವೆನ್ನದೆ ಬೇರೇನೆನ್ನಬೇಕು? ಊರಿನ ಉದ್ಯಾನದಲ್ಲಿ ಮೂಲೆಯೊಂದರಲ್ಲಿ ತಗ್ಗು ತೋಡಿ ಎಲೆಗಳನ್ನು ಅದರಲ್ಲಿ ಹಾಕಿ ಮಣ್ಣು ಮುಚ್ಚಿ ಆಗಾಗ ನೀರು ಚಿಮುಕಿಸಿದರೆ ಒಂದು ವರ್ಷದಲ್ಲಿ ಕರಿಯ ಗೊಬ್ಬರವು ಸಿದ್ಧವಾಗುತ್ತದೆ.

ಸಂಸ್ಕೃತದಲ್ಲಿ ಸ್ಥಾವರವೆಂಬ ಶಬ್ದವು ಗಿಡಮರಗಳಿಗೂ ಸಲ್ಲುತ್ತದೆ. ಚಲಿಸುವುದೆಲ್ಲ ಜಂಗಮ, ನೆಲಕ್ಕೆ ಅಂಟಿಕೊಂಡಿರುವುದೆಲ್ಲ ಸ್ಥಾವರ. ನಿಂತುದಕ್ಕಿಂತ ನಡೆಯುವುದಕ್ಕೆ ಬಸವಣ್ಣನವರು ಕೊಟ್ಟ ಹಿರಿಮೆಯನ್ನು ಬಲ್ಲವರು, ಹಾಗಾದರೆ ತೋಟವೂ ಸ್ಥಾವರವೇ ಅಲ್ಲವೆ, ಅದರ ಮೇಲೆ ಇಷ್ಟೇಕೆ ಆದರ ಎಂದು ಕೇಳಬಹುದು. ಅಹುದು, ತೋಟವು ಸ್ಥಾವರವೇ. ಆದುದರಿಂದಲೇ ಅದು ತನ್ನಷ್ಟಕ್ಕೆ ತಾನು ಉಳಿಯಲಾರದು. ಬಾಯಾರಿದ ಸಸಿಯು ಬಾವಿಯ ಬಳಿಗೆ ನಡೆದು ಹೋಗುವುದಿಲ್ಲ. ಕೊಡ ಹೊತ್ತ ಕಾಲುಗಳೇ ಅದರ ಬಳಿಗೆ ನಡೆದು ಬರಬೇಕು. ನಡೆಯುವ ಕಾಲುಗಳು ನಿಂತ ದಿನ ತೋಟವು ಮತ್ತೆ ಬಯಲು. ಮೊದಲನೆಯ ರವಿವಾರ ನೂರು ಜನ ಬಂದು, ಎರಡನೆಯ ತಿಂಗಳಿನಲ್ಲಿ ಆರು ಜನರಾಗಿ, ಬೇಸಿಗೆಯ ಹೊತ್ತಿಗೆ ಮಾಲಿಯೊಬ್ಬನೇ ಉಳಿದ ಕಥೆಯು ಎಲ್ಲ ಊರುಗಳಲ್ಲಿಯೂ ಒಂದೇ. ಆ ಮಾಲಿಯನ್ನು ಹೆಸರಿಡಿದು ಏಕವಚನದಲ್ಲಿ ಕೂಗಿ ನೀರು ತರಹೇಳುವ ಸ್ವಯಂಸೇವಕನು ಇನ್ನೂ ದಾಸೋಹದ ಹೊಸ್ತಿಲನ್ನು ದಾಟಿದವನಲ್ಲ. ಅಪ್ಪಾ, ಅಣ್ಣಾ ಎಂದು ಕರೆದು, ಯಾವ ಗಿಡಕ್ಕೆ ಎಷ್ಟು ನೀರೆಂದು ಅವನಿಂದಲೇ ಕೇಳಿ ಕಲಿಯಬೇಕು.

ಬೆಳಗಾವಿಯ ಸೀಮೆಯಲ್ಲಿ ಮೃಗಶಿರಾ ಮಳೆಯು ಜೂನ್ ತಿಂಗಳ ಮೊದಲ ವಾರದ ಬಳಿಕ ಆರಂಭವಾಗುತ್ತದೆ. ಗುಂಡಿಗಳನ್ನು ಅದಕ್ಕೂ ಮೊದಲು, ಮೇ ತಿಂಗಳಿನಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ನಾಲ್ಕು ಹನಿ ಬಿದ್ದು ನೆಲ ತಣಿದ ಮೇಲೆ ಹೊಂಗೆ, ಬೇವು, ನೇರಳೆ, ಬಸರಿಗಳನ್ನು ನೆಡಬಹುದು. ಮಳೆಗಾಲದಲ್ಲಿ ಅವುಗಳನ್ನು ಮಳೆಯೇ ನೋಡಿಕೊಳ್ಳುತ್ತದೆ. ಆಗ ಕಳೆಯನ್ನು ಮಾತ್ರ ಕೀಳುತ್ತಿರಬೇಕು. ದೀಪಾವಳಿಯು ಕಳೆದ ಮೇಲೆ ನೀರಿನ ಸರದಿಯು ಆರಂಭವಾಗುತ್ತದೆ. ಒಂದೊಂದು ಮನೆಯವರು ಐದೈದು ಗಿಡಗಳನ್ನು ವಹಿಸಿಕೊಂಡು, ಬುಡಕ್ಕೆ ಒಣಎಲೆಯ ಹೊದಿಕೆ ಹಾಸಿ, ವಾರಕ್ಕೆ ಎರಡು ಬಾರಿ ಒಂದೊಂದು ಕೊಡ ನೀರನ್ನು ಸಂಜೆಯ ತಂಪಿನಲ್ಲಿ ಎರೆಯತಕ್ಕದ್ದು. ಊರಿಗೆ ಹೋಗಬೇಕಾದವರು ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು. ಮೊದಲನೆಯ ಬೇಸಿಗೆ ಕಳೆದರೆ ಗಿಡವು ಬದುಕಿತೆಂದು ಕೈಬಿಡುವವರುಂಟು. ಎರಡನೆಯ ಬೇಸಿಗೆಯೂ ಕಳೆಯುವವರೆಗೆ ಬೇರು ಆಳದ ತೇವವನ್ನು ಮುಟ್ಟಿರುವುದಿಲ್ಲ.